ನಾನು ಬಸರಿ ಎಂದು ಬರೆದ ಮರ

ಕೆಲಸಕ್ಕೆ ಹೊಸದಾಗಿ ಸೇರಿದ ಅರಣ್ಯ ರಕ್ಷಕರು ಒಮ್ಮೊಮ್ಮೆ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿದಾದ ಮೇಲೆ ಫೋನಿನಲ್ಲಿ ಒಂದು ಎಲೆಯ ಚಿತ್ರ ತೋರಿಸಿ, "ಸಾರ್, ಇದು ಯಾವ ಮರ?" ಎಂದು ಕೇಳುತ್ತಾರೆ. ಎಷ್ಟೋ ಸಲ ನನಗೆ ಗೊತ್ತಾಗುವುದಿಲ್ಲ. ಇಡೀ ಜೀವಮಾನ ಕಾಡು ಸುತ್ತಿದವನಿಗೆ ಒಂದು ಎಲೆ ಗೊತ್ತಿಲ್ಲವೇ ಎಂದು ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ನಮ್ಮ ಸಕಲೇಶಪುರ, ಆಲೂರು ಕಡೆಯ ದೊಡ್ಡ ಮರಗಳ ಎಲೆಯನ್ನು ನಾನು ಹತ್ತಿರದಿಂದ ನೋಡಿದ್ದೇ ಕಡಿಮೆ. ಎಲೆ ಇರುವುದು ಎಲ್ಲೋ ಮೇಲೆ, ನಾಲ್ಕು ಮರದ ಕೊಂಬೆಗಳು ಒಂದರೊಳಗೊಂದು ಸೇರಿಕೊಂಡ ಕಡೆ. ನಮ್ಮ ಕೈಗೆ, ಕಣ್ಣಿಗೆ ಸಿಗುತ್ತಿದ್ದದ್ದು ತೊಗಟೆ ಒಂದೇ. ತೊಗಟೆ ಓದಲು ಬಂದರೆ ಕೆಲಸ ಬಂತು, ಇಲ್ಲದಿದ್ದರೆ ಖಾಕಿ ಬಟ್ಟೆ ಹಾಕಿಕೊಂಡು ತಿರುಗಾಡಿದ ಹಾಗೆ.

ಈ ಹುಡುಗರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಎಲ್ಲಿಗೆ ವರ್ಗವಾಯಿತು ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ, ಯಾರಿಗೆ ಬೇಕು ಅದು? ನಾನು ಹೇಳಬೇಕಾದದ್ದು ಒಂದು ಮರದ ವಿಷಯ. ಅದನ್ನು ನಾನು ತಪ್ಪಾಗಿ ಬರೆದೆ.

ಆಗ ನಾನು ಫಾರೆಸ್ಟರ್. ತೊಂಬತ್ತರ ದಶಕ. ಕಾಫಿ ತೋಟದವರು ನೆರಳು ಜಾಸ್ತಿಯಾಯಿತೆಂದು ಮರ ಕಡಿಯಲು ಅರ್ಜಿ ಹಾಕುತ್ತಿದ್ದರು. ನಾವು ಹೋಗಿ ಒಂದೊಂದೇ ಮರದ ಮುಂದೆ ನಿಂತು, ಎದೆ ಮಟ್ಟದಲ್ಲಿ ಟೇಪು ಸುತ್ತಿ, ಜಾತಿ ಗುರುತಿಸಿ, ಬುಡದಲ್ಲಿ ಒಂದಿಷ್ಟು ಹೆರೆದು ಬಿಳಿ ಬಣ್ಣದಲ್ಲಿ ನಂಬರು ಬರೆಯಬೇಕು. ಆ ಪಟ್ಟಿಯ ಮೇಲೆ ಅಪ್ಪಣೆ ಆಗುತ್ತಿತ್ತು. ಪಟ್ಟಿಯಲ್ಲಿ ಬೀಟೆ, ಹೊನ್ನೆ ಎಂದಿದ್ದರೆ ಹತ್ತು ಜನ ನೋಡುತ್ತಾರೆ. ಬಸರಿ, ಗೋಣಿ, ಹಾಲುವಾಣ ಎಂದಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಹಾಗಾಗಿ ಒಂದು ಮರ ಉಳಿಯುವುದೂ ಉರುಳುವುದೂ ನಾವು ಬರೆಯುವ ಆ ಒಂದು ಪದದ ಮೇಲೆ ನಿಂತಿರುತ್ತಿತ್ತು. ಅದು ಆಗ ನನಗೆ ಅಷ್ಟಾಗಿ ಹೊಳೆದಿರಲಿಲ್ಲ.

ತೊಗಟೆ ಓದಲು ನನಗೆ ಕಲಿಸಿದವರು ಮಂಜಯ್ಯ, ನಮ್ಮ ವಾಚರ್. ಕಾಗದದ ಮೇಲೆ ನಾನು ಅವರಿಗೆ ಮೇಲಿನವನು, ಕಾಡಿನೊಳಗೆ ಅವರು ನನ್ನ ಮೇಷ್ಟ್ರು. ಶುರುವಿನಲ್ಲೇ ನನ್ನ ಕಣ್ಣಿಗೆ ತಮ್ಮ ಟವಲು ಕಟ್ಟಿ, ಕೈ ಹಿಡಿದು ಮರದಿಂದ ಮರಕ್ಕೆ ನಡೆಸಿಕೊಂಡು ಹೋದರು.

"ಕಣ್ಣು ಮೋಸ ಮಾಡ್ತದೆ ಸಾರ್. ಪಾಚಿ ಹತ್ತಿದ್ರೆ ಎಲ್ಲಾ ಮರಾನೂ ಒಂದೇ ಥರ ಕಾಣ್ತವೆ. ಕೈಯಲ್ಲಿ ನೋಡಿ."

ಮತ್ತಿ ಮರ ಸುಲಭ, ಮೊಸಳೆ ಬೆನ್ನು ಸವರಿದ ಹಾಗೆ. ನಂದಿ ಮರದ ಮೇಲೆ ಕೈ ಜಾರುತ್ತದೆ, ಬಿಸಿಲಲ್ಲೂ ತಣ್ಣಗಿರುತ್ತದೆ. ಕೈಗೆ ಸಿಗದಿದ್ದರೆ ಕತ್ತಿಯಲ್ಲಿ ಸಣ್ಣದೊಂದು ಕಚ್ಚು ಹಾಕಬೇಕು. ಹೊನ್ನೆಯಾದರೆ ರಕ್ತದಂಥ ಅಂಟು, ಗಂಧಗರಿಗೆಯಾದರೆ ಮೂಗಿಗೆ ಹೊಡೆಯುವ ವಾಸನೆ. ಕಚ್ಚು ಹಾಕಿದ ಮೇಲೆ ಮಂಜಯ್ಯ ತಕ್ಷಣ ಹೆಸರು ಹೇಳುತ್ತಿರಲಿಲ್ಲ. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ನಿಧಾನಕ್ಕೆ ಅಗಿದು, ಉಗಿದು ಬಂದು ಮತ್ತೊಮ್ಮೆ ನೋಡುತ್ತಿದ್ದರು. ನನಗೆ ಇದು ಹೊತ್ತು ಕಳೆಯುವ ಉಪಾಯ ಎನ್ನಿಸುತ್ತಿತ್ತು.

ಒಂದು ಬೇಸಿಗೆಯಲ್ಲಿ ಆಲೂರಿನ ಗುಡ್ಡದಲ್ಲಿ ಬೆಂಕಿ ಆರಿಸಿ ನಮ್ಮ ಬಾಟಲಿಗಳೆಲ್ಲ ಬರಿದಾಗಿದ್ದವು. ಗಂಟಲು ಒಣಗಿ ಮಾತೇ ಹೊರಡುತ್ತಿರಲಿಲ್ಲ. ಮಂಜಯ್ಯ ಒಂದು ಮತ್ತಿ ಮರದ ಸುತ್ತ ಬಂದು, ತೊಗಟೆ ಸ್ವಲ್ಪ ಉಬ್ಬಿದ ಕಡೆ ಬೆರಳಲ್ಲಿ ತಟ್ಟಿ, ಕತ್ತಿಯ ತುದಿ ಇಟ್ಟು ಒಂದೇ ಏಟು ಹಾಕಿದರು. ನೀರು! ಮರದೊಳಗಿಂದ ನಲ್ಲಿ ಬಿಟ್ಟ ಹಾಗೆ ನೀರು. ಒಗರಾಗಿತ್ತು, ಆದರೂ ನಾವು ನಾಲ್ವರು ಬೊಗಸೆ ಒಡ್ಡಿ ಕುಡಿದೆವು. ಆಮೇಲೆ ಅವರು ಗಾಯಕ್ಕೆ ಮಣ್ಣು ಮೆತ್ತಿ, ಮರಕ್ಕೆ ಕೈ ಮುಗಿದರು. ನಾನೂ ಮುಗಿದೆ. ಇಲಾಖೆಯ ಯಾವ ತರಬೇತಿಯಲ್ಲೂ ನನ್ನ ಮೈ ಹಾಗೆ ಜುಮ್ಮೆಂದಿರಲಿಲ್ಲ.

ಇನ್ನೊಂದು ವಿಷಯ ಆಗ ಗಮನಿಸಿದ್ದೆ, ಅರ್ಥವಾಗಿರಲಿಲ್ಲ. ದಾರಿಯಲ್ಲಿ ಎಂಥ ದೊಡ್ಡ ಮರ ಸಿಕ್ಕಿದರೂ ಮಂಜಯ್ಯ ಅದರ ಮೇಲೆ ಒಮ್ಮೆ ಅಂಗೈ ಇಟ್ಟೇ ಮುಂದೆ ಹೋಗುತ್ತಿದ್ದರು. ಭಕ್ತಿ ಇರಬೇಕು ಎಂದುಕೊಂಡಿದ್ದೆ.

ನಮ್ಮ ರೇಂಜರ್ ಸಾಹೇಬರದು ಬೇರೆಯೇ ಬಗೆ. ತೂಕ ಹಾಕಿದ ಹಾಗೆ ಮಾತು, ಜೇಬಿನಲ್ಲಿ ಕೆಂಪು ಶಾಯಿಯ ಪೆನ್ನು. ನಾವು ಕೊಟ್ಟ ಪಟ್ಟಿಯಲ್ಲಿ ಹತ್ತಕ್ಕೊಂದು ಮರವನ್ನು ತಾವೇ ಹೋಗಿ ನೋಡುತ್ತಿದ್ದರು. ತಪ್ಪು ಸಿಕ್ಕಿದರೆ ಬೈಯುತ್ತಿರಲಿಲ್ಲ. "ನೋಡಿ ಬರೆದಿರಾ, ಬರೆದು ನೋಡಿದಿರಾ?" ಎಂದು ಒಂದು ಪ್ರಶ್ನೆ ಕೇಳುತ್ತಿದ್ದರು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಮಂಜಯ್ಯ ನಿವೃತ್ತರಾಗಿ ಊರು ಸೇರಿದ ಮೇಲೆ ನನಗೆ ಕೊಂಚ ಕೊಂಬು ಬಂದಿತ್ತು. ಜಾತಿ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಉಳಿದವರು ಅನ್ನುತ್ತಿದ್ದರು, ನಾನು ನಂಬಿಯೂ ಇದ್ದೆ. ಆ ವರ್ಷ ಹಾನುಬಾಳಿನ ಹತ್ತಿರ ಹಾಲಪ್ಪಗೌಡರ ತೋಟದಲ್ಲಿ ಮರಗಳ ಪಟ್ಟಿ ಮಾಡುವ ಕೆಲಸ ಬಿತ್ತು. ಒಂದೇ ದಿನದಲ್ಲಿ ನೂರಕ್ಕೂ ಹೆಚ್ಚು ಮರ. ಜೊತೆಯಲ್ಲಿ ನಮ್ಮ ಇಬ್ಬರು ಗಾರ್ಡುಗಳು ಮತ್ತು ತೋಟದ ಲೆಕ್ಕ ಬರೆಯುವ ರೈಟರ್.

ಅರವತ್ತಮೂರನೆಯ ಮರದ ಹತ್ತಿರ ಬಂದಾಗ ಊಟದ ಹೊತ್ತು. ಬುಡದಲ್ಲಿ ಆಳೆತ್ತರದ ಹಲಗೆ ಬೇರುಗಳು, ಅಲ್ಲಿಂದ ಮೇಲಕ್ಕೆ ಕಾಂಡವೇ ಕಾಣದ ಹಾಗೆ ಮೆಣಸಿನ ಬಳ್ಳಿ. ಬಳ್ಳಿ ಸರಿಸಲು ಕೈ ಹಾಕಿದೆ. ರೈಟರ್ ಓಡಿ ಬಂದ.

"ಬ್ಯಾಡಿ ಸಾರ್, ಮೆಣಸು ಕಟ್ಟೈತೆ. ಗೌಡ್ರು ನೋಡಿದ್ರೆ ನನ್ನ ಸುಮ್ನೆ ಬಿಡಾಕಿಲ್ಲ."

ಸರಿ ಎಂದು ಎರಡು ಬೇರಿನ ನಡುವೆ ಕತ್ತಿ ತೂರಿಸಿ ಒಂದು ಕಚ್ಚು ಹಾಕಿದೆ. ಬಿಳಿ ಹಾಲು ಬಂತು. ಕೆಳಗೆ ನೋಡಿದೆ, ನೆಲದ ತುಂಬ ಬಸರಿ ಎಲೆ. ಹಾಲು ಬಂತು, ಎಲೆ ಬಸರಿಯದು, ಇನ್ನೇನು ಬೇಕು? "ಬಸರಿ, ಬರ್ಕೊಳ್ಳಿ" ಎಂದು ಕತ್ತಿಯನ್ನು ಪ್ಯಾಂಟಿಗೆ ಒರೆಸಿ ಮುಂದೆ ನಡೆದೆ. ಅರವತ್ತನಾಲ್ಕನೆಯದು ನಿಜವಾಗಿಯೂ ಬಸರಿ. ನೆಲದ ಮೇಲಿನ ಎಲೆಯೆಲ್ಲ ಅದರದು ಎಂಬುದು ತಲೆಗೆ ಹೋಗಲಿಲ್ಲ. ಅಕ್ಕಿ ರೊಟ್ಟಿ, ಕಾಯಿ ಚಟ್ನಿ ಕಾಯುತ್ತಿದ್ದವು.

ಮನೆಗೆ ಬಂದಾಗ ಹೆಂಡತಿ ಪ್ಯಾಂಟು ನೋಡಿ, "ಎಲ್ಲಿ ಅಡಿಕೆ ಚೊಗರಿನ ಮೇಲೆ ಕೂತ್ಕೊಂಡು ಬಂದ್ರಿ?" ಎಂದಳು. ತೊಡೆಯ ಮೇಲೆ ಕಂದು ಕಲೆ. ಎರಡು ಸಲ ಒಗೆದರೂ ಹೋಗಲಿಲ್ಲ. ಕಾಡಿನ ಕೆಲಸದಲ್ಲಿ ಕಲೆಗೇನು ಬರ ಎಂದು ನಾನು ಮರೆತೆ. ಸಾಹೇಬರ ಹತ್ತಕ್ಕೊಂದರಲ್ಲಿ ಅರವತ್ತಮೂರು ಬರಲಿಲ್ಲ. ಅಪ್ಪಣೆ ಆಯಿತು.

ನಂಬರು ಹಾಕಿದ ಎರಡು ತಿಂಗಳಿಗೆ ಮಂಜಯ್ಯನವರಿಗೆ ಮಂಡಿ ನೋವು ಜಾಸ್ತಿಯಾಗಿದೆ ಎಂದು ಕೇಳಿ, ಒಂದು ಬೆಳಿಗ್ಗೆ ಬೈಕಿನಲ್ಲಿ ಆಲೂರಿನ ಆಚೆಯ ಅವರ ಊರಿಗೆ ಹೋದೆ. ಅವರ ಹೆಂಡತಿ ಸಣ್ಣಮ್ಮ ಅಟ್ಟದಿಂದ ಬಿತ್ತನೆಯ ಹುರುಳಿ ಇಳಿಸಿ ಮೊರಕ್ಕೆ ಸುರಿಯುತ್ತಿದ್ದರು. ಕಾಳು ತುಂಬಿದ್ದ ಚೀಲ ನನ್ನ ಕಣ್ಣಿಗೆ ಬಿತ್ತು. ಗೋಣಿಯಲ್ಲ, ಬಟ್ಟೆಯಲ್ಲ. ಮಾಸಿದ ಬಣ್ಣ, ಒರಟು ಕಂಬಳಿಯ ಹಾಗೆ. ತಳದಲ್ಲಿ ಗುಂಡಗೆ ಒಂದು ಮರದ ಬಿಲ್ಲೆ.

"ಹೊಲಿಗೆ ಎಲ್ಲೈತೆ, ಹುಡುಕಿ ನೋಡಾಣ" ಎಂದರು ಮಂಜಯ್ಯ, ಗೋಡೆಗೆ ಒರಗಿ ಕೂತಲ್ಲಿಂದಲೇ.

ತಿರುಗಿಸಿ ನೋಡಿದೆ. ಒಳಗೆ ಭುಜದವರೆಗೆ ಕೈ ಹಾಕಿ ತಡಕಿದೆ. ಒಂದೇ ಒಂದು ಹೊಲಿಗೆ ಇಲ್ಲ. ಬಿಲ್ಲೆಗೂ ಚೀಲಕ್ಕೂ ಸೇರುವ ಜಾಗದಲ್ಲಿ ಮೊಳೆಯಿಲ್ಲ, ದಾರವಿಲ್ಲ. ಅದು ಮಾಡಿದ್ದಲ್ಲ, ಬೆಳೆದದ್ದು!

"ಮರದ ತೊಗಟೆ ಸಾರ್ ಅದು. ಅಜ್ಜನಪಟ್ಟೆ ಅಂತಾರೆ. ತೊಡೆ ದಪ್ಪದ ತುಂಡು ತಗೊಂಡು ಸುತ್ತಾ ಕೊಡತೀಲಿ ಬಡೀಬೇಕು. ದಿನವೆಲ್ಲಾ ಬಡುದ್ರೆ ತೊಗಟೆ ಸಡಿಲ ಆಯ್ತದೆ. ಆಮೇಲೆ ಕುರಿ ಚರ್ಮ ಸುಲಿದಂಗೆ ಒಳಗಿಂದು ಹೊರಕ್ಕೆ ಮಗುಚ್ಕೊಂಡು ಬರಬೇಕು. ಕೊನೇಲಿ ನಾಲ್ಕು ಬೆರಳು ಮರ ಬಿಟ್ಟು ಕೊಯ್ದ್ರೆ ಅದೇ ತಳ. ಗೋಣಿ ಬರಾಕೆ ಮುಂಚೆ ನಮ್ಮಪ್ಪ, ತಾತ ಎಲ್ಲಾ ಇದೇ ಕೆಲಸದೋರು."

ಅಜ್ಜನಪಟ್ಟೆ. ತರಬೇತಿಯಲ್ಲಿ ಹೆಸರು ಬಾಯಿಪಾಠ ಮಾಡಿದ್ದೆ, ಮರ ನೋಡಿರಲಿಲ್ಲ. "ನೀವು ನನಗೆ ಇದನ್ನ ತೋರಿಸಲೇ ಇಲ್ಲವಲ್ಲ, ಮಂಜಯ್ಯ?" ಎಂದೆ.

ಮಂಜಯ್ಯ ನನ್ನ ಕೈಯಿಂದ ಚೀಲ ತೆಗೆದುಕೊಂಡರು. ಸಣ್ಣಮ್ಮ ಮೊರ ಎತ್ತಿಕೊಂಡು ಹೊರಗೆ ಹೋದರು.

"ಇದ್ರೆ ತಾನೇ ತೋರ್ಸೋದು? ಘಟ್ಟದ ಅಂಚಲ್ಲಿ ಮೂರಿದ್ವು. ಎರಡು ನಮ್ಮಪ್ಪ ಕಡ್ದ. ಮೂರನೇದು ನಾನು ಕಡ್ದೆ, ಮದ್ವೆಯಾದ ವರ್ಷ. ಈ ಚೀಲ ಅದರದ್ದೇ. ಆಮೇಲೆ ಗೋರ್ಮೆಂಟ್ ಕೆಲಸ ಸಿಕ್ತು, ಕಾಡೆಲ್ಲಾ ತಿರುಗ್ದೆ. ಸಿಕ್ಕಿದ ಮರಕ್ಕೆಲ್ಲಾ ಕೈ ಇಟ್ಟು ನೋಡ್ದೆ. ಒಂದು ಸಸೀನೂ ಸಿಗ್ಲಿಲ್ಲ. ಕೊನೇದನ್ನ ನಾನೇ ಕಡ್ದುಬುಟ್ಟೆ ಸಾರ್. ಕಾಡು ಕಾಯೋ ಸಂಬಳ ತಿಂದೋನು ನಾನು."

ದಾರಿಯುದ್ದಕ್ಕೂ ಮರಗಳ ಮೇಲೆ ಅಂಗೈ ಇಡುತ್ತಿದ್ದದ್ದು ಭಕ್ತಿಯಲ್ಲ, ಹುಡುಕಾಟ ಎಂದು ನನಗೆ ತಿಳಿದದ್ದು ಆಗ. ಏನಾದರೂ ಮಾತಾಡಬೇಕಲ್ಲ ಎಂದು, ಅದನ್ನು ಗುರುತಿಸುವುದು ಹೇಗೆ ಎಂದು ಕೇಳಿದೆ.

"ಹಲಗೆ ಬೇರು. ಬೂದಿ ಬಣ್ಣದ ತೊಗಟೆ, ಕೈಯಿಟ್ರೆ ಸಿಡುಬಿನ ಕಲೆಯಂಗೆ ಸಣ್ಣಸಣ್ಣ ಗಂಟು. ಕಚ್ಚು ಹಾಕಿದ್ರೆ ಬಿಳೀ ಹಾಲು. ಅಲ್ಲೇ ಎಲ್ರೂ ಮೋಸ ಹೋಗೋದು, ಬಸರಿ ಅಂತಾರೆ. ಬಸರಿ ಹಾಲು ಬಿಳೀನೇ ಇರ್ತದೆ. ಇದು ಒಂದು ಎಲೆ ಅಡಿಕೆ ಹಾಕ್ಕೊಂಡು ಉಗಿಯೋ ಹೊತ್ತಿಗೆ ಕಂದಾಗ್ಬುಡ್ತದೆ. ಬಟ್ಟೆಗೆ ಬಿದ್ರೆ ಜನ್ಮದಲ್ಲಿ ಹೋಗಾಕಿಲ್ಲ."

ನಾನು ಅದೇ ಪ್ಯಾಂಟು ಹಾಕಿಕೊಂಡಿದ್ದೆ. ತೊಡೆಯ ಮೇಲಿನ ಕಲೆಯನ್ನು ಕೈಯಿಂದ ಮುಚ್ಚಿಕೊಂಡೆ, ಕದ್ದವನ ಹಾಗೆ.

ಬಾಯಿ ಮುಚ್ಚಿಕೊಂಡಿರೋಣ ಎಂದು ಆ ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಹಾಲಪ್ಪಗೌಡರ ತೋಟದಲ್ಲಿ ಅದೇ ವಾರ ಮರ ಕಡಿಯಲು ಶುರು ಮಾಡಿದ್ದರು. ಮರ ಉರುಳಿ ಲಾರಿ ಹತ್ತಿದರೆ ಬಸರಿ ಎಂದೇ ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ನಿಲ್ಲಿಸಿದರೆ ನಾನು ನೋಡದೆ ಬರೆದೆ ಎಂದು ನಾನೇ ಬರೆದುಕೊಡಬೇಕು. ನನ್ನ ಬಡ್ತಿಯ ಕಡತ ಆಗಷ್ಟೇ ಹಾಸನಕ್ಕೆ ಹೋಗಿತ್ತು. ಹೀಗೆಲ್ಲ ಲೆಕ್ಕ ಹಾಕುತ್ತಿದ್ದಾಗ ಮಂಜಯ್ಯ ಆ ಖಾಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಮಗುವಿನ ತಲೆ ಸವರುವ ಹಾಗೆ ಸವರುತ್ತಿದ್ದರು. ಅದನ್ನು ನೋಡಿ ನನಗೆ ನಾಚಿಕೆಯಾಯಿತು.

ಕೈ ತೆಗೆದು ಕಲೆ ತೋರಿಸಿದೆ. "ಮಂಜಯ್ಯ, ಏಳಿ. ಹಾನುಬಾಳಿಗೆ ಹೋಗಬೇಕು."

ಅವರು ಕಲೆಯನ್ನು ಮುಟ್ಟಿ ನೋಡಿದರು, ನನ್ನ ಮುಖ ನೋಡಿದರು. ಮಂಡಿ ನೋವಿನವರು ಗೋಡೆ ಹಿಡಿಯದೆ ಎದ್ದು ನಿಂತರು.

ಬೈಕಿನ ಹಿಂದೆ ಚೀಲವನ್ನು ಅಪ್ಪಿಕೊಂಡು ಕೂತರು. ಬಾಳ್ಳುಪೇಟೆಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತು ದಾರಿ ಬಂದ್. ಅಂಗಡಿಗಳ ಜಗುಲಿಗೆ ಒತ್ತಿಕೊಂಡು ನುಗ್ಗಿಸಿದೆ, ಜನ ಬೈದರು. "ಬೈಲಿ ಬುಡಿ, ನೀವು ಹೊಡೀರಿ ಮಾರಾಯ್ರ" ಎಂದು ಹಿಂದಿನಿಂದ ಕೂಗಿದರು ಮಂಜಯ್ಯ. ಸಕಲೇಶಪುರದ ಸೇತುವೆ ದಾಟಿ ಹಾನುಬಾಳು ಮುಟ್ಟಿದೆವು.

ತೋಟದ ಗೇಟಿನಲ್ಲೇ ಕೊಡಲಿಯ ಸದ್ದು ಕೇಳಿಸಿತು. ಅರವತ್ತೊಂದು, ಅರವತ್ತೆರಡು ಅಡ್ಡಬಿದ್ದಿದ್ದವು. ಅರವತ್ತಮೂರು ನಿಂತಿತ್ತು. ಮರ ಕಡಿಯುವ ಮುಂಚೆ ಮೆಣಸಿನ ಬಳ್ಳಿ ಇಳಿಸಿಕೊಳ್ಳುವುದು ಪದ್ಧತಿ, ಹಾಗಾಗಿ ಬಳ್ಳಿಯೆಲ್ಲ ನೆಲಕ್ಕೆ ಬಂದಿತ್ತು. ಆ ಮರವನ್ನು ನಾನು ಮೊದಲ ಸಲ ನೋಡಿದ್ದು ಆಗಲೇ, ನಂಬರು ಹಾಕಿದ ಎರಡು ತಿಂಗಳ ಮೇಲೆ.

ಅಬ್ಬಾ, ಏನು ಮರ ಅದು! ಬೂದಿ ಬೆಳ್ಳಗಿನ ಕಾಂಡ, ಒಂದು ಕೊಂಬೆಯಿಲ್ಲದೆ, ಒಂದು ಸೊಟ್ಟವಿಲ್ಲದೆ ಮೇಲಕ್ಕೆ ಹೋಗುತ್ತಲೇ ಇತ್ತು. ತಲೆಯೆತ್ತಿ ನೋಡುತ್ತ ನನ್ನ ಟೋಪಿ ಹಿಂದಕ್ಕೆ ಬಿತ್ತು. ಸುತ್ತಲಿನ ಮರಗಳೆಲ್ಲ ಮುಗಿಯುವಲ್ಲಿ ಅದರ ಮೊದಲ ಕೊಂಬೆ ಶುರುವಾಗುತ್ತಿತ್ತು. ಇಷ್ಟು ದೊಡ್ಡದನ್ನು ನಾನು ನೋಡದೆ ಬಂದೆನಲ್ಲ!

ಒಂದು ಹಲಗೆ ಬೇರಿಗೆ ಆಗಲೇ ಕಚ್ಚು ಬಿದ್ದಿತ್ತು. ಕೊಡಲಿ ಮೇಸ್ತ್ರಿ ಬೆವರು ಒರೆಸಿಕೊಂಡು, "ಎಂಥ ಮರ ಸಾರ್ ಇದು? ಬೆಳಿಗ್ಗೆ ಹೊಡುದಾಗ ಹಾಲು ಬಂತು, ಟೀ ಕುಡ್ದು ಬರಾದ್ರೊಳಗೆ ಬೆಲ್ಲದ ಪಾಕ ಆಗೈತೆ. ನಮಗ್ಯಾಕೋ ಸರಿ ಕಾಣ್ಲಿಲ್ಲ, ಅದ್ಕೇ ಆಚೆ ಕಡೇದು ಹೊಡೀತಿದ್ವಿ" ಎಂದ.

"ಮೊದ್ಲು ಕೈ ತೊಳ್ಕೊಳ್ರಪ್ಪಾ" ಎಂದರು ಮಂಜಯ್ಯ. "ಗಾಯಕ್ಕೆ, ಕಣ್ಣಿಗೆ ತಾಕಿಸ್ಕೊಂಡೀರಿ, ವಿಷ ಅದು."

ಆಮೇಲೆ ಅವರು ಮರದ ಹತ್ತಿರ ಹೋದರು. ತಲೆಯ ಟವಲು ತೆಗೆದು, ಕಣ್ಣು ಮುಚ್ಚಿ, ಎರಡೂ ಅಂಗೈ ತೊಗಟೆಯ ಮೇಲಿಟ್ಟರು. ಬೆರಳುಗಳು ಆ ಸಣ್ಣ ಗಂಟುಗಳ ಮೇಲೆ ನಿಧಾನಕ್ಕೆ ಓಡಾಡಿದವು. ಕೊಡಲಿಯವರು ಕೊಡಲಿ ಕೆಳಗಿಟ್ಟರು.

"ಇದ್ದೀಯಾ ಯಪ್ಪಾ" ಎಂದರು. "ನಾನು ಕಡ್ದಿದ್ದು ಕೊನೇದಲ್ಲ. ಕೊನೇದಲ್ಲ ಸಾರ್." ಮುದುಕರು ಹಣೆಯನ್ನು ಮರಕ್ಕೆ ಒತ್ತಿ ಅತ್ತರು. ನಾನೂ ಅತ್ತೆ, ಮರೆಮಾಚುವುದೇನಿದೆ.

ಅಷ್ಟರಲ್ಲಿ ಹಾಲಪ್ಪಗೌಡರು ಜೀಪಿನಲ್ಲಿ ಬಂದರು. ವಿಷಯ ಕೇಳಿ ಕೆಂಡವಾದರು. "ಏನ್ರೀ ಫಾರೆಸ್ಟ್ರೇ, ನೀವೇ ಬರೀತೀರಾ, ನೀವೇ ಅಪ್ಪಣೆ ಕೊಡಿಸ್ತೀರಾ, ಈಗ ನೀವೇ ಬಂದು ತಡೀತೀರಾ? ಆಟ ಆಡಾಕೆ ನನ್ನ ತೋಟಾನೇ ಬೇಕಾಗಿತ್ತಾ? ಈ ಮರದ ನೆರಳಿಗೆ ಅರ್ಧ ಎಕರೆ ಕಾಫಿ ಹೂವೇ ಕಾಣ್ದು."

ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಮಂಜಯ್ಯ ಚೀಲವನ್ನು ಅವರ ಕೈಗೆ ಕೊಟ್ಟು, "ಹೊಲಿಗೆ ಎಲ್ಲೈತೆ ನೋಡಿ ಗೌಡ್ರೇ" ಎಂದರು.

ಗೌಡರು ಸಿಟ್ಟಿನಲ್ಲೇ ತಿರುಗಿಸಿದರು. ಆಮೇಲೆ ನಿಧಾನಕ್ಕೆ ತಿರುಗಿಸಿದರು. ಕನ್ನಡಕ ಹಾಕಿಕೊಂಡರು. ತೋಳು ಮಡಿಸಿ ಒಳಗೆ ಭುಜದವರೆಗೆ ಕೈ ಹಾಕಿ ತಡಕಿದರು. "ನಮ್ಮಜ್ಜಿ ಇಂಥದ್ರಲ್ಲಿ ಏಲಕ್ಕಿ ಇಡ್ತಿದ್ಲು" ಎಂದರು, ಯಾರಿಗೂ ಅಲ್ಲದ ಹಾಗೆ. "ಯಾವುದೋ ಪ್ರಾಣೀದು ಚರ್ಮ ಅಂದ್ಕೊಂಡಿದ್ದೆ ನಾನು." ತಲೆಯೆತ್ತಿ ಮರ ನೋಡಿದರು. ಹುಟ್ಟಿದಾಗಿನಿಂದ ಅದರ ಕೆಳಗೆ ಓಡಾಡಿದವರು ಅವರು, ಬಳ್ಳಿ ಬಿಟ್ಟು ಬೇರೇನೂ ನೋಡಿರಲಿಲ್ಲ. ಕೊನೆಗೆ ಮೇಸ್ತ್ರಿಯ ಕಡೆ ತಿರುಗಿ, "ಇದೊಂದು ಬಿಟ್ಬುಡ್ರೋ" ಎಂದರು.

ಸಾಯಂಕಾಲವೇ ಕಚೇರಿಗೆ ಹೋಗಿ, ಆದದ್ದನ್ನು ಇದ್ದ ಹಾಗೆ ಬರೆದು ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಓದಿದರು. ಮರುದಿನ ನನ್ನ ಜೊತೆ ಬಂದರು. ಮರಕ್ಕೆ ತಾವೇ ಉಗುರಿನಷ್ಟು ಕಚ್ಚು ಹಾಕಿ, ಹಾಲು ಬಿಳಿಯಿಂದ ಕಂದಾಗುವವರೆಗೆ ಕೈಕಟ್ಟಿ ನಿಂತು ನೋಡಿದರು. ಅವರ ಕಣ್ಣಲ್ಲಿ ಅಂಥ ಬೆರಗು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಎರಡು ಆದೇಶ ಬರೆದರು. ಒಂದರಲ್ಲಿ ಅರವತ್ತಮೂರನೆಯ ಮರವನ್ನು ಪಟ್ಟಿಯಿಂದ ಕೈಬಿಟ್ಟರು. ಇನ್ನೊಂದು ನನಗೆ ನೋಟಿಸು. "ಈ ಸಲ ನೋಡಿ ಬರೆದಿದ್ದೀರಿ" ಎಂದು ಎರಡನ್ನೂ ನನ್ನ ಕೈಗೇ ಕೊಟ್ಟರು. ಅವರು ನನಗೆ ಹೇಳಿದ ಒಳ್ಳೆಯ ಮಾತು ಅದೊಂದೇ. ಬಡ್ತಿ ತಡವಾಯಿತು, ಅದಿರಲಿ.

ಅಂದಿನಿಂದ ಯಾವ ಮರಕ್ಕೆ ಕಚ್ಚು ಹಾಕಿದರೂ ನಾನು ಕಾಯುತ್ತಿದ್ದೆ. ಎಲೆ ಅಡಿಕೆ ಅಭ್ಯಾಸವಿರಲಿಲ್ಲ, ಹಾಗಾಗಿ ಸುಮ್ಮನೆ ನಿಲ್ಲುತ್ತಿದ್ದೆ. ಗಾರ್ಡುಗಳು ಹಿಂದಿನಿಂದ ನಗುತ್ತಿದ್ದದ್ದು ಗೊತ್ತಿತ್ತು.

ಕೊಡಲಿಯ ಗಾಯ ಹಲಗೆ ಬೇರಿನಲ್ಲಿ ಉಳಿದಿತ್ತು. ಮರುವರ್ಷ ಮಂಜಯ್ಯ ನನ್ನನ್ನು ಕರೆದುಕೊಂಡು ಹೋಗಿ, ಗಾಯದ ಬಾಯಿಗೆ ಬೆರಳಿಟ್ಟು ಅಳೆದರು. ನಾಲ್ಕು ಬೆರಳು. ಅಂಚಿನಲ್ಲಿ ಹೊಸ ತೊಗಟೆ ತುಟಿಯ ಹಾಗೆ ದಪ್ಪಗೆ ಮುಂದೆ ಬರುತ್ತಿತ್ತು. "ಮುಚ್ಕೊಂತದೆ, ನಿಧಾನ" ಎಂದರು. ಆಮೇಲೆ ಪ್ರತಿ ವರ್ಷ ಕಾಫಿ ಕೊಯ್ಲು ಮುಗಿದ ಮೇಲೆ ನಮ್ಮಿಬ್ಬರದು ಅದೇ ಯಾತ್ರೆ. ಮೂರು ಬೆರಳಾಯಿತು, ಎರಡಾಯಿತು. ನನಗೆ ಬೇರೆ ರೇಂಜಿಗೆ ವರ್ಗವಾದಾಗಲೂ ರಜೆ ಹಾಕಿ ಬರುತ್ತಿದ್ದೆ. ಕೊನೆಯ ಸಲ ಗೌಡರ ಜೀಪಿನಲ್ಲೇ ಅವರನ್ನು ಮರದ ಬುಡದವರೆಗೆ ಕರೆದೊಯ್ದೆವು. ಕಿರುಬೆರಳು ಮಾತ್ರ ಹೋಯಿತು. "ಇನ್ನೊಂದು ಚೂರು ಐತೆ, ನೀವು ನೋಡ್ಕೊಳ್ಳಿ ಸಾರ್" ಎಂದರು. ಆ ಮಳೆಗಾಲ ಅವರು ತೀರಿಕೊಂಡರು.

ನಾನು ನಿವೃತ್ತನಾದ ಮೇಲೆ ಒಬ್ಬನೇ ಹೋದೆ. ಬುಡದಲ್ಲಿ ನಾನು ಬರೆದ ನಂಬರು ಎಂದೋ ಅಳಿಸಿತ್ತು. ಹಲಗೆ ಬೇರಿನ ಪಕ್ಕ ಮಂಡಿಯೂರಿ, ಕಣ್ಣು ಮುಚ್ಚಿಕೊಂಡು ಕೈಯಾಡಿಸಿದೆ. ಗಂಟು ಗಂಟಾದ ತೊಗಟೆ, ಅದರ ನಡುವೆ ಒಂದು ಗೆರೆ. ಕಿರುಬೆರಳು ಇಟ್ಟೆ, ಹೋಗಲಿಲ್ಲ. ಉಗುರು ಇಟ್ಟೆ, ಉಗುರೂ ಹೋಗಲಿಲ್ಲ.

"ಮುಚ್ಚಿತು ಮಂಜಯ್ಯ" ಎಂದೆ, ಗಟ್ಟಿಯಾಗಿಯೇ.